ಮುಯ್ಯಿ ಎಂಬ ಮಾತನ್ನು ನಾನು ಕೊಟ್ಟೆ

ಗಂಡ ತೀರಿಕೊಂಡ ನಾಲ್ಕನೆಯ ಬೆಳಗ್ಗೆ ನೀಲವ್ವ ಸೂತಕದ ಮೈಯಲ್ಲೇ ಮಲ್ಲಿಗೆಯ ಮಡಿಗಿಳಿದು ಮೊಗ್ಗು ಬಿಡಿಸಿದಳು. ಅದು ಅವಳ ತಪ್ಪೆಂದು ನಮ್ಮ ಓಣಿ ಇಂದಿಗೂ ನಂಬಿಕೊಂಡಿದೆ. ತಪ್ಪು ನನ್ನದು. ಅವಳು ಮನೆಯಲ್ಲೇ ಕುಳಿತಿರಬಹುದಾಗಿತ್ತು. ಕುಳಿತಿರಲು ದಾರಿಯೊಂದಿದೆ ಎಂಬುದು ಇಡೀ ಓಣಿಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು — ಆ ಒಬ್ಬ ನಾನು. ನಾನು ಹೇಳಲಿಲ್ಲ. ಹೇಳದೆ ಇದ್ದದ್ದಷ್ಟೇ ಆಗಿದ್ದರೆ ಹೇಡಿತನ ಎಂದು ಕರೆದು ಮುಗಿಸಬಹುದಿತ್ತೇನೋ. ಹೋಗು, ದೋಷವಿಲ್ಲ ಎಂದು ಧರ್ಮದ ಹೆಸರಿನಲ್ಲಿ ಅವಳಿಗೆ ಅಪ್ಪಣೆಯನ್ನೂ ಕೊಟ್ಟೆ.

ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ವರ್ಷಗಳು ಕಳೆದರೆ ಇಂಥದ್ದು ತಾನಾಗಿ ಸವೆಯುತ್ತದೆ ಎಂದು ಕಾದದ್ದೂ ಉಂಟು.

ನಾನು ಹೂವಿನಹಡಗಲಿಯ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದವನು. ಹುಟ್ಟಿದ್ದು ತುಂಗಭದ್ರೆಯ ದಂಡೆಯ ಹಲವಾಗಲಿನಲ್ಲಿ. ಓದಿದ್ದು ಹರಪನಹಳ್ಳಿಯ ಒಂದು ಪಾಠಶಾಲೆಯಲ್ಲಿ, ಗುರುಗಳ ಮನೆಯ ನೀರು ಹೊತ್ತು, ಕೋಶ ವ್ಯಾಕರಣಗಳನ್ನು ಕಂಠಪಾಠ ಮಾಡಿ. ಸೋಮವಾರದ ಸಂಜೆ ನಮ್ಮ ಓಣಿಯ ಈಶ್ವರನ ಗುಡಿಯಲ್ಲಿ ಪುರಾಣ ಓದಿ ಅರ್ಥ ಹೇಳುವುದು ನನ್ನ ನೇಮ. ಅರ್ಥ ಹೇಳುವವನಿಗೆ ಇಂಥ ಊರಿನಲ್ಲಿ ಒಂದು ಅಧಿಕಾರ ಬಂದುಬಿಡುತ್ತದೆ. ಮೈಲಿಗೆ ಯಾವಾಗ ಕಳೆಯುತ್ತದೆ, ಮನೆಗೆ ಯಾವ ದಿಕ್ಕಿಗೆ ಬಾಗಿಲಿಡಬೇಕು, ಮಗುವಿಗಿಟ್ಟ ಹೆಸರಿಗೆ ಏನರ್ಥ — ಜಗಳ ಹುಟ್ಟಿದರೆ ‘ಮಾಸ್ತರ ಹೇಳ್ಯಾರ’ ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ಆ ಅಧಿಕಾರ ನನಗೆ ರುಚಿಸುತ್ತಿತ್ತು. ಇದನ್ನೂ ಈಗಲೇ ಹೇಳಿಬಿಡಬೇಕು.

ಓಣಿ ಊರಿನ ಅಂಚಿನಲ್ಲಿದೆ. ಹಿತ್ತಿಲು ಮುಗಿದಲ್ಲಿಂದಲೇ ಮಲ್ಲಿಗೆಯ ಮಡಿಗಳು. ಬೆಳಕು ಪೂರ್ತಿ ಹರಿಯುವ ಮೊದಲು ಮೊಗ್ಗು ಬಿಡಿಸಿ ಬುಟ್ಟಿಗಳನ್ನು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯ ಬಸ್ಸುಗಳಿಗೆ ಏರಿಸಬೇಕು. ಉಳಿದ ಮೊಗ್ಗು ಸಂಜೆಗೆ ಗಿಡದಲ್ಲೇ ಅರಳುತ್ತದೆ. ಅರಳಿದ್ದನ್ನು ಪೇಟೆಯಲ್ಲಿ ಕೇಳುವವರಿಲ್ಲ. ಮನೆಯಲ್ಲಿ ಹೆರಿಗೆಯಾಗಲಿ ಸಾವಾಗಲಿ, ಗಿಡ ಮೊಗ್ಗು ಬಿಡುವುದನ್ನು ನಿಲ್ಲಿಸುವುದಿಲ್ಲ.

ಸಾವಾದ ಮನೆಯವರು ಹನ್ನೊಂದು ದಿನ ಹೂವು ಮುಟ್ಟುವುದಿಲ್ಲ. ಸೂತಕವೆಂಬುದನ್ನೇ ಒಪ್ಪದ ಶೈವ ಮನೆತನಗಳೂ ನಮ್ಮಲ್ಲುಂಟು. ಹೂವಿನ ಮಟ್ಟಿಗೆ ಅವರೂ ಈ ನೇಮವನ್ನು ಬಿಟ್ಟವರಲ್ಲ. ಬಿಡಿಸಿದ ಹೂವು ಯಾವ ಗುಡಿಗೆ ಹೋಗುತ್ತದೆ, ಯಾವ ಮದುವಣಗಿತ್ತಿಯ ಮುಡಿಗೆ ಹೋಗುತ್ತದೆ, ಬಲ್ಲವರಾರು? ಹೀಗಾಗಿ ಆ ಹನ್ನೊಂದು ದಿನ ನೆರೆಯ ಹೆಂಗಸರು ಮೊದಲು ಸಾವಿನ ಮನೆಯ ಗಿಡಗಳನ್ನು ಬಿಡಿಸಿ, ಆಮೇಲೆ ತಮ್ಮ ಮಡಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ತಮ್ಮದರಲ್ಲಿ ಒಂದಿಷ್ಟು ಉಳಿದು ಅರಳಿದರೆ ಅರಳಿತು. ಹೂವು ಮಾರಿ ಬಂದದ್ದನ್ನು ಆ ಮನೆಯ ಹೊಸ್ತಿಲ ಮೇಲಿಟ್ಟು ಮಾತಾಡದೆ ಹಿಂತಿರುಗುತ್ತಿದ್ದರು. ಇದಕ್ಕೆ ಮುಯ್ಯಿ ಎನ್ನುತ್ತಿದ್ದರು. ಹೊಲದಲ್ಲಿ ಕೂಲಿಯಿಲ್ಲದೆ ಕೈಜೋಡಿಸುವುದಕ್ಕೂ ಮದುವೆಯಲ್ಲಿ ಮಾಡುವ ಉಡುಗೊರೆಗೂ ಅದೇ ಮಾತು. ಮುಯ್ಯಿಯನ್ನು ತೀರಿಸುವುದುಂಟು, ಆದರೆ ಕೇಳುವುದಿಲ್ಲ. ‘ಮುಯ್ಯಿ ಕೇಳಿದಾಕಿ’ ಎಂಬುದು ನಮ್ಮ ಓಣಿಯಲ್ಲಿ ಒಂದು ಬೈಗುಳವಾಗಿತ್ತು.

ಅಂಥ ಓಣಿಗೆ ಕಂಪನಿ ಬಂದಿತು. ಮೊಗ್ಗನ್ನೆಲ್ಲ ತಾನೇ ಕೊಂಡು, ಸಾರ ತೆಗೆದು, ಹೊರದೇಶದ ಅತ್ತರು ಮಾಡುವವರಿಗೆ ಕಳಿಸುವ ಕಂಪನಿ. ಅದರ ಹಿಂದೆ ದೂರದ ನಗರದಲ್ಲಿ ಹಣ ಹೂಡಿದವರಿದ್ದರು. ಅವರಿಗೆ ಹೂವಿನ ಪರಿಚಯವಿರಲಿಲ್ಲ, ಯಾವ ದಿನ ಎಷ್ಟು ತೂಕ ಬರುವುದೆಂಬ ಭರವಸೆ ಮಾತ್ರ ಬೇಕಿತ್ತು. ಇತ್ತ ಕೆಲಸ ನೋಡಿಕೊಳ್ಳಲು ಅವರು ನೇಮಿಸಿದ್ದ ತರುಣ ಚಿಗಟೇರಿಯ ಕಡೆಯವನು, ಪ್ರಸನ್ನ ಎಂದು ಹೆಸರು. ಸಂಭಾವಿತ. ಮನೆಗೆ ಬಂದವನು ಮೊದಲು ನನ್ನ ಕಾಲು ಮುಟ್ಟಿದ. ಇಂಗ್ಲಿಷಿನಲ್ಲಿದ್ದ ಕರಾರನ್ನು ಮುಂದಿಟ್ಟು, ಇದನ್ನು ಕನ್ನಡ ಮಾಡಿಕೊಡಬೇಕೆಂದು ಕೇಳಿದ.

“ಕೋರ್ಟ್ ಕನ್ನಡ ಬ್ಯಾಡ ಗುರುಗಳೇ,” ಎಂದ. “ಅದನ್ನ ಕೇಳಿದ್ರೆ ಜನ ಹೆದರ್ತಾರೆ. ಮನೆಯಾಗೆ ಆಡೋ ಮಾತು ಬೇಕು.”

ಈ ಮಾತು ನನ್ನನ್ನು ಎಲ್ಲಿ ತಟ್ಟಿತೆಂಬುದನ್ನು ಹೇಳಬೇಕಾದರೆ ನನ್ನ ಹಳೆಯದೊಂದು ಅಸಮಾಧಾನವನ್ನು ಹೇಳಬೇಕು. ಹಣದ ವ್ಯವಹಾರ ಕನ್ನಡದ ಮನೆಯೊಳಗೆ ಯಾರನ್ನೂ ಕೇಳದೆ ಬಂದು ಕುಳಿತದ್ದನ್ನು ನಾನು ಬಹುಕಾಲದಿಂದ ನೋಡುತ್ತಿದ್ದೆ. ನೇಗಿಲು ಹೂಡುವುದು ಎನ್ನುತ್ತಿದ್ದೆವು. ಈಗ ಹೂಡಿಕೆ ಎಂದರೆ ಹುಡುಗರಿಗೆ ಎತ್ತೂ ಕಾಣದು, ನೊಗವೂ ಕಾಣದು. ಇಳುವರಿ ಎಂಬುದು ನೆಲ ಕೊಡುತ್ತಿದ್ದದ್ದು. ಈಗ ಅದನ್ನು ಕಾಗದ ಕೊಡುತ್ತದೆ. ಹಣ್ಣು ಪಕ್ವವಾಗುತ್ತಿತ್ತು, ಬುದ್ಧಿ ಪಕ್ವವಾಗುತ್ತಿತ್ತು; ಬ್ಯಾಂಕಿನ ಠೇವಣಿ ಪಕ್ವವಾಗುತ್ತದೆಂದು ಮೊದಲ ಬಾರಿ ಓದಿದ ದಿನ ತರಗತಿಯಲ್ಲಿ ಅದನ್ನೇ ಹಿಡಿದು ಒಂದು ಅವಧಿಯನ್ನೆಲ್ಲ ವ್ಯಂಗ್ಯದಲ್ಲಿ ಕಳೆದಿದ್ದೆ. ಇಷ್ಟಾಗಿ, ಕಂಪನಿಯವನು ಬಂದು ಮನೆಮಾತು ಬೇಕು ಎಂದಾಗ ನನಗೆ ಅನಿಸಿದ್ದೇನು? ಕೊನೆಗೂ ಅವರು ನಮ್ಮ ಭಾಷೆಯ ಬಾಗಿಲಿಗೆ ಬಂದು ಕೈಯೊಡ್ಡಿದರು ಎಂದು. ಗೆದ್ದೆನೆಂದೇ ತಿಳಿದೆ.

ಗುಂಪು ಎಂಬಲ್ಲಿ ಬಳಗ ಎಂದು ಬರೆದೆ. ಹಂಗಾಮಿನ ಕೊನೆಗೆ ಕೊಡುವ ಹೆಚ್ಚುವರಿ ಹಣಕ್ಕೆ ಬಾಗಿನ ಎಂದೆ. ದಂಡಕ್ಕೆ ತಪ್ಪುಕಾಣಿಕೆ — ದೇವರಲ್ಲಿ ತಪ್ಪೊಪ್ಪಿ ಹುಂಡಿಗೆ ಹಾಕುವ ಕಾಣಿಕೆಯ ಹೆಸರು ಅದು. ದಂಡವೆಂಬ ಮಾತಿನ ಒರಟುತನ ಕಳೆಯಿತೆಂದು ನನಗೆ ಸಂತೋಷವೇ ಆಯಿತು. ಇನ್ನು, ಒಂದು ಮನೆಯ ತೂಕ ಕಡಿಮೆಯಾದರೆ ಬಳಗದ ಉಳಿದ ಮನೆಗಳು ತುಂಬಿಕೊಡಬೇಕು, ತುಂಬಿದ್ದನ್ನು ಆ ಮನೆ ತಿರುಗಿ ಸಲ್ಲಿಸಬೇಕು, ಬಳಗದ ಒಟ್ಟು ತೂಕ ಬಿದ್ದರೆ ಎಲ್ಲರ ದರವೂ ಇಳಿಯುತ್ತದೆ ಎಂಬ ಕಲಮು. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಸಾಲುದ್ದದ ಹೆಸರಿತ್ತು. ಪ್ರಸನ್ನ ನನ್ನ ಮುಖ ನೋಡುತ್ತ ಕುಳಿತಿದ್ದ. ನಾನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ‘ಮುಯ್ಯಿ’ ಎಂದು ಬರೆದೆ.

“ಗುರುಗಳೇ, ಇದನ್ನ ನಾವು ಸಾವಿರ ರೂಪಾಯಿ ಕೊಟ್ರೂ ಯಾರೂ ಹುಡುಕಿ ಕೊಡ್ತಿರಲಿಲ್ಲ,” ಎಂದು ಅವನು ಕೈಮುಗಿದ. ಅವನಿಂದ ನಾನು ಹಣ ಪಡೆಯಲಿಲ್ಲ. ಪಡೆದಿದ್ದರೆ ಒಂದು ಕೆಲಸದ ಕೂಲಿ ಎಂದಾದರೂ —

ಇಲ್ಲ. ಆ ವಾಕ್ಯವನ್ನು ಮುಗಿಸುವುದಿಲ್ಲ.

ಕರಾರಿನಲ್ಲಿ ವಿನಾಯಿತಿಗಳ ಭಾಗವೊಂದಿತ್ತು. ಯುದ್ಧ, ಪ್ರವಾಹ, ಭೂಕಂಪ — ಇವುಗಳಿಂದ ತೂಕ ತಪ್ಪಿದರೆ ಕೇಳುವಂತಿಲ್ಲ. ಮನೆಯ ಸಾವು ಆ ಸಾಲಿನಲ್ಲಿರಲಿಲ್ಲ. ನಾನು ಗಮನಿಸಿದೆ, ಮತ್ತು ಕೇಳಿದೆ. ಅಷ್ಟು ಮಾತ್ರ ನನ್ನ ಪಾಲಿಗೆ ಬರೆದುಕೊಳ್ಳಬಹುದು. ಹಣ ಹೂಡಿದವರು ಅದನ್ನು ಒಪ್ಪುವುದಿಲ್ಲ, ಯಾವ ಮನೆಯಲ್ಲಿ ಯಾವಾಗ ಸಾವಾಗುವುದೆಂದು ಲೆಕ್ಕ ಹಾಕಲಾಗದು ಎಂದು ಅವನು ಸಂಕೋಚದಿಂದಲೇ ವಿವರಿಸಿದ. ಆಮೇಲೆ ಸ್ವಲ್ಪ ಬಾಗಿ ತಗ್ಗಿದ ದನಿಯಲ್ಲಿ ಹೇಳಿದ:

“ಹಂಗೇನಾದ್ರೂ ಆದ್ರೆ ನನಗೊಂದು ಫೋನ್ ಮಾಡ್ರಿ ಸಾಕು. ಅಷ್ಟು ದಿನ ಆ ಮನೆ ತೂಕ ಲೆಕ್ಕಕ್ಕೆ ಹಿಡೀದಂಗೆ ನಾನು ನೋಡ್ಕೊಂತೀನಿ, ಬಳಗಕ್ಕೂ ಪೆಟ್ಟು ಬೀಳಲ್ಲ. ಆದ್ರೆ ಮೀಟಿಂಗ್‌ನಾಗೆ ಬಾಯಿ ಬಿಡಬ್ಯಾಡ್ರಿ. ಆಮೇಲೆ ವಾರಕ್ಕೊಬ್ಬ ಅಜ್ಜ ಸಾಯಾಕೆ ಶುರು ಮಾಡ್ತಾನೆ.”

ಅವನು ನಕ್ಕ. ನಾನೂ ನಕ್ಕೆ.

ಸಭೆ ಗುಡಿಯ ಅಂಗಳದಲ್ಲಿ ನಡೆಯಿತು. ನಾನು ಪುರಾಣ ಓದುವ ಪೀಠದ ಮೇಲೆಯೇ ಕುಳಿತು ಕರಾರನ್ನು ಓದಿ ಅರ್ಥ ಹೇಳಿದೆ. ಬಳಗ ಎಂದಾಗ ಹೆಂಗಸರ ಮುಖ ಸಡಿಲವಾಯಿತು. ಬಾಗಿನ ಎಂದಾಗ ನಕ್ಕರು. ಮುಯ್ಯಿ ಎಂದಾಗ ಪರವಾಗಿಲ್ಲ, ಇದು ನಮಗೆ ಗೊತ್ತಿರುವ ವಿಷಯ ಎಂಬಂತೆ ಕಾಲು ಚಾಚಿ ಕುಳಿತರು. ನೀಲವ್ವ ಮಾತ್ರ ಕಂಬದ ಹತ್ತಿರ ಎದ್ದು ನಿಂತಳು. ಮಾತು ಕಡಿಮೆಯ ಹೆಂಗಸು. ಅವಳ ಗಂಡ ಕೊಟ್ರಪ್ಪ ನನ್ನ ಹಳೆಯ ವಿದ್ಯಾರ್ಥಿ. ಪ್ರತಿ ಸೋಮವಾರ ಈಶ್ವರನಿಗೆ ಏರುವ ಮಲ್ಲಿಗೆಯ ಮಾಲೆ ಅವರ ಮನೆಯದೇ.

“ಮಾಸ್ತರ, ಯಾರದರ ಮನ್ಯಾಗ ಸಾವು ಗೀವು ಆತಂದ್ರ ಹೆಂಗ್ರಿ? ಆಗೂ ತೂಕ ಕೇಳ್ತಾರೇನು?”

ಪ್ರಸನ್ನ ನನ್ನತ್ತ ನೋಡಲಿಲ್ಲ. ತನ್ನ ಬೂಟಿನ ಕಡೆ ನೋಡುತ್ತಿದ್ದ. ಕೇಳುತ್ತಾರೆ ಎಂಬುದೊಂದು ಉತ್ತರವಿತ್ತು. ಬರೆದಿಲ್ಲ, ಬರೆಸಿಕೊಳ್ಳೋಣ ಎಂಬುದು ಇನ್ನೊಂದು. ಮೂರನೆಯದು ಯಾವುದೂ ಇರಲಿಲ್ಲ. ನಾನು ಮೂರನೆಯದನ್ನು ಹೇಳಿದೆ.

“ಮುಯ್ಯಿ ಅಂದ ಮ್ಯಾಲ ಅದರಾಗ ಎಲ್ಲಾ ಬಂತಲ್ಲವ್ವಾ.”

“ಕೇಳಿದಿಲ್ಲೇನ ನೀಲಿ?” ಎಂದಳು ಪಕ್ಕದ ಮನೆಯ ಸಕ್ರವ್ವ. ಅವಳ ನಾಲಗೆಗೆ ಇಡೀ ಓಣಿ ಅಂಜುತ್ತದೆ. “ನಿನ್ನ ಗಂಡ ಗುಂಡಕಲ್ಲಿನಂಗ ಅದಾನ. ಅವನ್ನ ಈಗಿಂದ ಈಗ ಯಾಕ ಮಲಗಸ್ತಿ? ಕುಂದ್ರು.”

ಎಲ್ಲರೂ ನಕ್ಕರು, ಹಿಂದೆ ಗಂಡಸರ ಸಾಲಿನಲ್ಲಿದ್ದ ಕೊಟ್ರಪ್ಪನೂ ನಕ್ಕ. ನೀಲವ್ವ ಕುಳಿತಳು. ಸಹಿ ಹೆಬ್ಬೆಟ್ಟುಗಳಾದವು.

ಮೊದಲ ವರ್ಷ ಯಾರಿಗೂ ಕೆಟ್ಟದ್ದಾಗಲಿಲ್ಲ. ದರ ಸ್ಥಿರವಾಗಿತ್ತು, ಪೇಟೆಯ ಏರಿಳಿತವಿಲ್ಲ, ಬಸ್ಸಿನ ಹಿಂದೆ ಬುಟ್ಟಿ ಹಿಡಿದು ಓಡುವುದಿಲ್ಲ. ಕಂಪನಿಯ ಗಾಡಿ ಓಣಿಯ ಬಾಯಿಗೇ ಬರುತ್ತಿತ್ತು. ನಾನು ಕೊಟ್ಟ ಮಾತುಗಳು ಅವರ ನಾಲಗೆಗೆ ಅಂಟಿಕೊಂಡದ್ದನ್ನು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ. ಸಕ್ರವ್ವ ನಲ್ಲಿಯ ಬಳಿ ತನ್ನ ಗಂಡನ ಸೋಮಾರಿತನವನ್ನು ಆಡಿಕೊಳ್ಳುತ್ತಿದ್ದಳು: “ನಮ್ಮನಿಯವರದು ವರ್ಷಪೂರ್ತಿ ಕೊರತಿನ. ನಾ ಕಂಪನಿ ಆಗಿದ್ರ ಇಷ್ಟೊತ್ತಿಗೆ ತಪ್ಪುಕಾಣಿಕಿ ಹಾಕಿ ಹೊರಗ ಕಳಸ್ತಿದ್ದೆ.” ಇದನ್ನು ಕೇಳಿ ನಾನು ನಗುತ್ತ ಮನೆಗೆ ಬಂದದ್ದು ನೆನಪಿದೆ. ದೇವರ ಮುಂದಿನ ಮಾತೊಂದು ನಲ್ಲಿಯ ಬಳಿಗೆ ಬಂದು ನಿಂತಿತಲ್ಲ ಎಂದು ನನಗೆ ಹೊಳೆಯಲಿಲ್ಲ.

ಬೇರೆ ಕೆಲವೂ ಹೊಳೆಯಲಿಲ್ಲ. ಹೆಚ್ಚು ತೂಕಕ್ಕೆ ಹೆಚ್ಚು ಬಾಗಿನವೆಂದು ಎಲ್ಲರೂ ಮಡಿಗಳನ್ನು ಹೆಚ್ಚಿಸಿದರು. ಕೈಗಳು ಮೊದಲಿನಷ್ಟೇ ಇದ್ದವು. ತನ್ನ ಮಡಿಯಲ್ಲಿ ಒಂದಿಷ್ಟು ಅರಳಿಹೋದರೆ ಹೋಗಲಿ ಎನ್ನುವ ಸದರ ಯಾರಿಗೂ ಉಳಿಯಲಿಲ್ಲ. ಈಗ ಅದು ಬಳಗದ ಎಲ್ಲರ ನಷ್ಟ. ಬೆಳಗಿನ ಹೊತ್ತು ಮಡಿಗಳಲ್ಲಿ ಹಾಡು ಹರಟೆ ಕೇಳುತ್ತಿದ್ದದ್ದು ನಿಂತಿತು ಎಂದು ನನ್ನ ಹೆಂಡತಿ ಒಮ್ಮೆ ಹೇಳಿದಳು. ಕೆಲಸ ಹೆಚ್ಚಿದೆ, ಒಳ್ಳೆಯದೇ ಎಂದೆ.

ಎರಡನೆಯ ಬೇಸಿಗೆಯಲ್ಲಿ ಕೊಟ್ರಪ್ಪ ಕೊಟ್ಟೂರಿನ ಸಂತೆಗೆ ಹೋದವನು ಬಸ್‌ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದ. ಮನೆಗೆ ತಂದದ್ದು ಹೆಣವನ್ನೇ.

ಹೆಂಗಸರು ಮೊದಲ ದಿನ ಹಳೆಯ ಪದ್ಧತಿಯಂತೆಯೇ ಮೊದಲು ನೀಲವ್ವನ ಮಡಿಗೆ ಹೋದರು. ಎರಡನೆಯ ದಿನ ತಮ್ಮದನ್ನು ಮುಗಿಸಿ ಹೋದರು. ಮೂರನೆಯ ದಿನ ಇಬ್ಬರೋ ಮೂವರೋ ಹೋಗಿ ಒಂದಿಷ್ಟು ಬಿಡಿಸಿ ಬಂದರಂತೆ. ಆ ಮಧ್ಯಾಹ್ನ ಕಂಪನಿಯಿಂದ ಎಲ್ಲರ ಫೋನಿಗೂ ಒಂದು ಸಂದೇಶ ಬಂದಿತು: ಬಳಗದ ತೂಕ ಬೀಳುತ್ತಿದೆ, ನಾಳೆಯೂ ಬಿದ್ದರೆ ಎಲ್ಲರ ದರ ಇಳಿಯುತ್ತದೆ, ತಪ್ಪುಕಾಣಿಕೆಯೂ ಬೀಳುತ್ತದೆ. ಅದು ಪ್ರಸನ್ನ ಕೂತು ಬರೆದದ್ದಲ್ಲ, ಯಂತ್ರ ತಾನಾಗಿ ಕಳಿಸುವಂಥದ್ದು. ಸಾವಿನ ಸುದ್ದಿ ಅವನಿಗೆ ತಿಳಿದೇ ಇರಲಿಲ್ಲ. ತಿಳಿಸಬೇಕಾದವನು ನಾನು.

ಆ ಇಳಿಹೊತ್ತಿನಲ್ಲಿ ಸಕ್ರವ್ವ ಸಾವಿನ ಮನೆಯ ಅಂಗಳದಲ್ಲಿ ನಿಂತು, ಒಳಗೆ ಕಾಲಿಡದೆ, ಮುಖ ಬೇರೆ ಕಡೆ ತಿರುಗಿಸಿ ಹೇಳಿದಳಂತೆ: “ನೀಲಿ, ತಪ್ಪು ತಿಳೀಬ್ಯಾಡ. ನಿನ್ನ ಮುಯ್ಯಿ ಬಾಕಿ ನಿಂತೈತಿ ನೋಡು.” ಅವಳೇನೂ ಕಲ್ಲುಹೃದಯದವಳಲ್ಲ. ಹೆಣ ತೊಳೆಯಲು ನೀರು ಕಾಯಿಸಿದವಳು ಅವಳೇ. ಮುಯ್ಯಿಯನ್ನು ಬಾಯಿಬಿಟ್ಟು ಕೇಳಿದಳು. ಸುತ್ತ ನಿಂತಿದ್ದ ಯಾರಿಗೂ ಅದು ಬೈಗುಳದಂತೆ ಕೇಳಿಸಲಿಲ್ಲ.

ನೀಲವ್ವ ನನ್ನ ಬಳಿ ಬಂದಳು. ನಾನು ಗುಡಿಯ ಕಟ್ಟೆಯ ಮೇಲಿದ್ದೆ. ಸೂತಕದವಳೆಂದು ಅವಳು ಬಾಗಿಲಿನಿಂದ ಒಳಗೆ ಬರಲಿಲ್ಲ. ದಾರಿಯ ಆಚೆ ಬದಿಯಲ್ಲೇ ನಿಂತಳು. ಅಳುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಒಂದು ಸೈಕಲ್ಲು ಹಾದುಹೋಗುವವರೆಗೆ ಕಾದು ಕೇಳಿದಳು:

“ಮಾಸ್ತರ, ಸಾವು ಗೀವು ಎಲ್ಲಾ ಅದರಾಗ ಬಂತು ಅಂದಿದ್ರಿ. ಇವರು ಬಂದಿಲ್ಲ ಅಂತಾರ. ನಾಳಿ ನಾ ಕುಂದರಬೇಕೋ ಹೂವಿಗೆ ಹೋಗಬೇಕೋ, ನೀವ ಹೇಳ್ರಿ. ನೀವು ಹೇಳಿದಂಗ.”

ಫೋನು ನನ್ನ ಅಂಗಿಯ ಜೇಬಿನಲ್ಲಿತ್ತು. ಒಂದು ಕರೆ. ಪ್ರಸನ್ನ ಅವಳನ್ನು ತೂಕದ ಲೆಕ್ಕದಿಂದ ಬಿಡುತ್ತಿದ್ದ — ಮಾತಿಗೆ ತಪ್ಪುವ ಹುಡುಗನಲ್ಲ. ಆದರೆ ನೀಲವ್ವನಿಗೆ ವಿನಾಯಿತಿ ಸಿಕ್ಕರೆ ಓಣಿ ಕೇಳುತ್ತದೆ: ಹೇಗೆ ಬಿಟ್ಟರು? ಮಾಸ್ತರ ಫೋನ್ ಮಾಡಿದ್ದಕ್ಕೆ. ಹಾಗಾದರೆ ಇದು ಕರಾರಿನಲ್ಲಿ ಇರಲಿಲ್ಲವೆ? ಇಲ್ಲದ್ದನ್ನು ಇದೆ ಎಂದು ಪೀಠದ ಮೇಲೆ ಕುಳಿತು ಹೇಳಿದರೇನು? — ಇಷ್ಟನ್ನು ಯೋಚಿಸಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಆಮೇಲೆ ವರ್ಷಗಟ್ಟಲೆ ಅದನ್ನು ಬಿಡಿಸಿ ನೋಡಿದ್ದೇನೆ. ಅದರೊಳಗೆ ನನ್ನ ಮಾನದ ಚಿಂತೆಯ ಹೊರತು ಬೇರೇನೂ ಸಿಗಲಿಲ್ಲ.

“ಆ ಹೂವು ದೇವರಿಗೆ ಹೋಗೂದಲ್ಲವ್ವ, ಕಂಪನಿಗೆ ಹೋಗೂದು. ಆಪತ್ತಿನಾಗ ದೋಷ ಇಲ್ಲ. ಹೋಗು.”

ಇಷ್ಟಕ್ಕೆ ನಿಲ್ಲಿಸಲಿಲ್ಲ. ಅವಳು ಇನ್ನೂ ನಿಂತೇ ಇದ್ದಳು, ಮುಖದಲ್ಲಿ ಅನುಮಾನ ಹೋಗಿರಲಿಲ್ಲ. ಅದನ್ನು ಹೋಗಲಾಡಿಸಲು ಒಂದು ಶ್ಲೋಕ ಹೇಳಿದೆ. ಆ ಶ್ಲೋಕಕ್ಕೂ ಸೂತಕಕ್ಕೂ ಯಾವ ಸಂಬಂಧವೂ ಇಲ್ಲ. ಅವಳಿಗೆ ಸಂಸ್ಕೃತ ಬಾರದೆಂದು ನನಗೆ ಗೊತ್ತಿತ್ತು. ಗುರುಗಳ ಮನೆಯ ನೀರು ಹೊತ್ತು ಕಲಿತ ವಿದ್ಯೆಯನ್ನು ನಾನು ಆ ಹೊತ್ತಿನಲ್ಲಿ ಬಳಸಿದ್ದು ಅದಕ್ಕೆ. ಅವಳು ದಾರಿಯ ಆಚೆಯಿಂದಲೇ ನಮಸ್ಕಾರ ಮಾಡಿ ಹೋದಳು.

ಬೆಳಗ್ಗೆ ನನ್ನ ಹಿತ್ತಿಲಿನಿಂದ ಅವಳನ್ನು ನೋಡಿದೆ. ನೋಡಲೆಂದೇ ಹೋಗಿ ನಿಂತಿದ್ದೆ. ಎರಡೂ ಕೈಗಳಿಗೆ ಹಳೆಯ ಪಂಚೆಯ ತುಂಡುಗಳನ್ನು ಸುತ್ತಿಕೊಂಡಿದ್ದಳು — ಬರಿಗೈ ಮೊಗ್ಗಿಗೆ ತಾಗದಿರಲೆಂದು. ಬಟ್ಟೆ ಸುತ್ತಿದ ಬೆರಳಿಗೆ ಮೊಗ್ಗು ಸಿಗುವುದಿಲ್ಲ, ಜಾರುತ್ತದೆ. ಒಂದೊಂದಕ್ಕೂ ಹೊತ್ತು ಹಿಡಿಯುತ್ತಿತ್ತು. ಅಕ್ಕಪಕ್ಕದ ಸಾಲಿನ ಹೆಂಗಸರು ಅವಳಿಂದ ದೂರ ಸರಿದು ಬಿಡಿಸುತ್ತಿದ್ದರು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಹೋಗೆಂದು ಕಳಿಸಿದವರೂ ಅವರೇ, ಬಂದದ್ದಕ್ಕೆ ಸರಿದವರೂ ಅವರೇ. ತುಂಬಿದ ಬುಟ್ಟಿಯನ್ನು ಬದುವಿನ ಮೇಲಿಟ್ಟು ಅವಳು ಹಿಂದೆ ಸರಿದಾಗ ಗಾಡಿಯ ಆಳು ಬಂದು ಎತ್ತಿಕೊಂಡು ಹೋದ.

ಬಳಗದ ತೂಕ ತುಂಬಿತು. ದರ ಇಳಿಯಲಿಲ್ಲ.

ಉಳಿದ ಬೆಳಗುಗಳೂ ಹಾಗೆಯೇ ನಡೆದವು. ಹನ್ನೊಂದನೆಯ ದಿನದ ಕಾರ್ಯವಾಯಿತು, ಊಟವಾಯಿತು. ಮುಂದಿನ ಸೋಮವಾರ ಈಶ್ವರನಿಗೆ ಮಾಲೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಪೂಜಾರಿ ಅವಳನ್ನು ಓಣಿಯಲ್ಲಿ ತಡೆದು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. “ನನ್ನ ಸೂತಕ ಕಳದಿಲ್ಲರಿ ಅಯ್ಯನೋರ,” ಎಂದಳು. ಹನ್ನೊಂದು ದಿನ ಆಯಿತಲ್ಲ ಎಂದರು ಅವರು. ನಡುವೆ ಮುರಿದದ್ದನ್ನು ಯಾವ ದಿನದಿಂದ ಎಣಿಸಬೇಕೋ ತನಗೆ ತಿಳಿಯದು ಎಂದಳು. ಹಾಗೆ ಹೇಳಿ ನನ್ನ ಕಡೆ ನೋಡಿದಳು. ನಾನೇನಾದರೂ ಹೇಳುವೆನೆಂದು ಕಾದಿರಬೇಕು. ನಾನು ಪುರಾಣಕ್ಕೆ ಹೊತ್ತಾಯಿತೆಂದು ಒಳಗೆ ನಡೆದೆ.

ಅಂದಿನಿಂದ ಅವಳು ಗುಡಿಯೊಳಗೆ ಬಂದಿಲ್ಲ. ಸೋಮವಾರ ಸಂಜೆ ದಾರಿಯ ಆಚೆ ಬದಿಯಲ್ಲಿ ಕುಳಿತು ಪುರಾಣ ಕೇಳುತ್ತಾಳೆ. ಮಡಿಯನ್ನು ಬೇರೆಯವರಿಗೆ ಫಸಲಿನ ಪಾಲಿನ ಮೇಲೆ ಕೋರಿಗೆ ಕೊಟ್ಟಿದ್ದಾಳೆ. ತಾನು ವಿದ್ಯಾರ್ಥಿನಿಲಯವೊಂದರ ಅಡುಗೆ ಕೆಲಸಕ್ಕೆ ಹೋಗುತ್ತಾಳೆ. ಹೂವು ಮುಟ್ಟುವುದಿಲ್ಲ. ಸೂತಕದಲ್ಲಿ ಹೂವಿಗಿಳಿದವಳೆಂದು ಓಣಿಯ ಹೊಸ ಸೊಸೆಯಂದಿರಿಗೆ ಅವಳನ್ನು ಬೆರಳು ಮಾಡಿ ತೋರಿಸುತ್ತಾರೆ. ಪ್ರತಿ ಸೋಮವಾರ ನಾನು ಪೀಠದ ಮೇಲೆ ಕುಳಿತು, ಗ್ರಂಥದಿಂದ ಕಣ್ಣೆತ್ತಿದಾಗಲೆಲ್ಲ, ಬಾಗಿಲಿನ ಚೌಕಟ್ಟಿನಲ್ಲಿ ಅವಳನ್ನು ಕಾಣುತ್ತ, ಧರ್ಮ ಎಂದರೇನೆಂದು ಅರ್ಥ ಹೇಳಿದ್ದೇನೆ.

ಕಂಪನಿ ಹೊರಟುಹೋಯಿತು. ಹಣ ಹೂಡಿದವರಿಗೆ ಬೇರೆಲ್ಲೋ ಇದಕ್ಕಿಂತ ಅಗ್ಗದ ಹೂವು ಸಿಕ್ಕಿತಂತೆ. ಹೋಗುವಾಗ ಪ್ರಸನ್ನ ನನ್ನ ಕಾಲು ಮುಟ್ಟಲು ಬಂದಿದ್ದ. ಅವನಿಗೆ ನೀಲವ್ವನ ವಿಷಯ ಆಗಲೂ ಗೊತ್ತಿರಲಿಲ್ಲ, ನಾನಾಗಿ ಹೇಳಲೂ ಇಲ್ಲ. ಬುಟ್ಟಿಗಳು ಮತ್ತೆ ಬಸ್ಸಿಗೆ ಏರತೊಡಗಿದವು. ಆದರೆ ನಾನು ಕೊಟ್ಟ ಮಾತು ಹಿಂತಿರುಗಲಿಲ್ಲ. ಗುಡಿಸಲಿಗೆ ತೊಲೆ ಎತ್ತಲು ನೆರೆಯವರನ್ನು ಕರೆಯುವವರು ಮೊದಲೇ ಹೇಳುತ್ತಾರೆ: “ಮುಯ್ಯಿ ಗಿಯ್ಯಿ ಬ್ಯಾಡಪ್ಪ, ಕೂಲಿ ಎಷ್ಟು ಹೇಳು.” ಕೂಲಿ ಅವರಿಗೆ ಹಗುರವಾಗಿ ಕಾಣುತ್ತದೆ. ಅದು ಸಂಜೆಗೆ ಮುಗಿಯುತ್ತದೆ.

ಈ ಬೇಸಿಗೆಯಲ್ಲಿ ಸಕ್ರವ್ವನ ಗಂಡ ತೀರಿಕೊಂಡ. ಅವಳ ಮಡಿಗೆ ಯಾರೂ ಹೋಗಲಿಲ್ಲ. ನಾನು ಓಣಿಯ ಒಬ್ಬ ಹೆಂಗಸನ್ನು ಕೇಳಿದೆ. ಅವಳ ಉತ್ತರದಲ್ಲಿ ದ್ವೇಷವಿರಲಿಲ್ಲ, ಮರುಕವಿತ್ತು: “ಪಾಪ, ಗಂಡನ್ನ ಕಳಕೊಂಡಾಳ. ಅದರ ಮ್ಯಾಲ ಮುಯ್ಯಿ ಬ್ಯಾರೆ ಅಕಿ ತಲಿಗೆ ಯಾಕ ಕಟ್ಟೂದ್ರಿ?” ಸಹಾಯ ಮಾಡದೆ ಇರುವುದೇ ಈಗ ಕರುಣೆ. ಹನ್ನೊಂದು ಸಂಜೆಯೂ ಸಕ್ರವ್ವನ ಮಡಿ ತುಂಬ ಮಲ್ಲಿಗೆ ಅರಳಿತು, ನೆಲದ ಮೇಲೆ ಬೆಳ್ಳಗೆ ಉದುರಿತು. ಆ ವಾಸನೆ ನನ್ನ ಮನೆಯ ಒಳಕೋಣೆಯವರೆಗೆ ಬರುತ್ತಿತ್ತು. ಕಿಟಕಿ ಮುಚ್ಚಿದರೂ ಬರುತ್ತಿತ್ತು.

ಹನ್ನೆರಡನೆಯ ದಿನ ನಾನು ನೀಲವ್ವನ ಮನೆಗೆ ಹೋದೆ.

ಅವಳು ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಎದ್ದು ಚಾಪೆ ಹಾಸಿದಳು. ನಾನು ಕುಳಿತು, ಇಲ್ಲಿ ಬರೆದದ್ದನ್ನೆಲ್ಲ ಒಂದನ್ನೂ ಬಿಡದೆ ಹೇಳಿದೆ. ವಿನಾಯಿತಿಯ ಸಾಲು, ಪ್ರಸನ್ನ ಹೇಳಿದ ಮಾತು, ಜೇಬಿನಲ್ಲಿದ್ದ ಫೋನು. ಅವಳ ಕೈ ಕಲ್ಲು ಆರಿಸುತ್ತಲೇ ಇತ್ತು. ಶ್ಲೋಕದ ವಿಷಯ ಬಂದಾಗ ನಿಂತಿತು.

“ಅದು ಯಾತರ ಶ್ಲೋಕರಿ ಮತ್ತ?”

“ಸಂಜಿಮುಂದ ದೀಪ ಹಚ್ಚುವಾಗ ಹೇಳೂದವ್ವ.”

ಅವಳು ಮೊರವನ್ನು ಕೆಳಗಿಟ್ಟಳು.

“ಹಂಗಾರ ಅವತ್ತು ನಾ ಮನ್ಯಾಗ ಕುಂತಿದ್ರ ನಡೀತಿತ್ತು.”

ಅದು ಪ್ರಶ್ನೆಯಾಗಿರಲಿಲ್ಲ. ಆದರೂ ಉತ್ತರ ಕೊಡಬೇಕಿತ್ತು. ನಡೀತಿತ್ತವ್ವ ಎಂದೆ.

“ಬ್ಯಾರೆ ದಾರಿ ಇರಲಿಲ್ಲ ಅಂತ ದಿನಾ ಅವರ ಫೋಟೋದ ಮುಂದ ಹೇಳಿಕೋತ ಬಂದೀನ್ರಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. “ಇವತ್ತ ಏನಂತ ಹೇಳ್ಲಿ?”

ನಿನ್ನ ಸೂತಕ ಅಂದೇ ಕಳೆಯಿತು, ಒಳಗೆ ಬಾ, ಮಾಲೆ ಕಟ್ಟು ಎನ್ನುವ ಮಾತು ನಾಲಗೆಯ ತುದಿಯವರೆಗೆ ಬಂತು. ಈ ಸಲ ಅದಕ್ಕೆ ಆಧಾರವೂ ಇದೆ, ನಿಜವಾದ ವಚನಗಳೇ ಇವೆ. ನುಂಗಿಕೊಂಡೆ. ನನ್ನ ಬಾಯಿಂದ ಹೊರಟ ಮೇಲೆ ಅದನ್ನು ಅವಳು ಯಾವ ಧೈರ್ಯದಿಂದ ನಂಬಬೇಕು? ಅವಳು ಎದ್ದು ಮೊರ ತೆಗೆದುಕೊಂಡು ಒಳಗೆ ಹೋದಳು. ನಾನು ಚಾಪೆಯನ್ನು ಮಡಿಚಿಟ್ಟು ಬಂದೆ.

ಕ್ಷಮೆ ಕೇಳಲಿಲ್ಲ. ಕೇಳಿದರೆ ಕೊಡಬೇಕಾದ ಭಾರ ಮತ್ತೆ ಅವಳ ಮೇಲೆ.

ಬರುವ ಸೋಮವಾರ ಪುರಾಣವಿಲ್ಲ. ಎಲ್ಲರೂ ಬಂದು ಸೇರಿದ ಮೇಲೆ ನಾನು ಪೀಠ ಹತ್ತದೆ ದಾರಿಯಲ್ಲೇ ನಿಂತು, ಅವಳು ಪ್ರತಿ ಸೋಮವಾರ ಕುಳಿತುಕೊಳ್ಳುವ ಆ ಬದಿಯಲ್ಲಿ, ನಡೆದದ್ದನ್ನು ಓಣಿಗೆ ಹೇಳುತ್ತೇನೆ — ಸಕ್ರವ್ವನ ಎದುರಿಗೂ, ಹೊಸ ಸೊಸೆಯಂದಿರ ಎದುರಿಗೂ. ಶ್ಲೋಕವಿಲ್ಲದೆ, ಅವರ ಮಾತಿನಲ್ಲೇ: ನೀಲವ್ವ ಕೇಳಿದಳು, ನಾನು ಸುಳ್ಳು ಹೇಳಿದೆ. ಅದಾದ ಮೇಲೆ ಅರ್ಥ ಹೇಳುವ ಕೆಲಸಕ್ಕೆ ಅವರು ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕು.